ಮೂಗು ಒಂದು ಬೆರಳು ಮೇಲೆ

ಹೋದ ತಿಂಗಳು ತಂಗಿಯ ಮೊಮ್ಮಗಳ ಜೊತೆ ಹಾಸನದ ಒಂದು ಸ್ಕ್ಯಾನ್ ಸೆಂಟರಿಗೆ ಹೋಗಿದ್ದೆ. ಅವಳಿಗೆ ಸೈನಸ್ ತೊಂದರೆ. ಎಂಬತ್ತು ದಾಟಿದ ನಾನು ಅವಳನ್ನು ಕರೆದುಕೊಂಡು ಹೋದೆ ಅನ್ನುವುದಕ್ಕಿಂತ, ಮನೆಯಲ್ಲಿ ಒಬ್ಬನನ್ನೇ ಬಿಡಬಾರದೆಂದು ಅವಳೇ ನನ್ನನ್ನು ಕರೆದುಕೊಂಡು ಹೋದಳು ಅನ್ನುವುದು ಸರಿ. ಹುಡುಗಿ ಅಂಗಾತ ಮಲಗಿದಳು. ಮಂಚ ತಾನಾಗಿ ಸರಿದು ದೊಡ್ಡ ಬಳೆಯೊಂದರ ಒಳಗೆ ಹೋಯಿತು. ಗಾಜಿನ ಆಚೆ ಕೂತ ಇನ್ನೊಬ್ಬ ಹುಡುಗಿ ಅಲುಗಾಡಬೇಡಿ ಎಂದಳು. ನಾನು ಪೇಪರನ್ನು ಮಡಿಸಿ ಜೇಬಿಗೆ ಇಡುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆ ಕೋಣೆಯಲ್ಲಿ ಯಾವ ವಾಸನೆಯೂ ಇರಲಿಲ್ಲ. ನನಗೆ ಅದು ಸರಿಬರಲಿಲ್ಲ. ನನ್ನ ಕಾಲದಲ್ಲಿ ಎಕ್ಸ್-ರೇ ಅಂದರೆ ಮೊದಲು ವಾಸನೆ. ಡಾರ್ಕ್ ರೂಮಿನಲ್ಲಿ ಫಿಲ್ಮು ಅದ್ದುವ ಹೈಪೋ ನೀರಿನ ವಾಸನೆ, ಹುಳಿಗೆ ಗಂಧಕ ಬೆರೆಸಿದಂತೆ ಮೂಗಿನ ಬುಡಕ್ಕೆ ಹೊಡೆಯುತ್ತಿತ್ತು. ಅಂಗಿಗೆ, ಕೈಬೆರಳಿಗೆ, ಕೊನೆಗೆ ನಾನು ತಿನ್ನುವ ಅನ್ನಕ್ಕೂ ಅದು ಹತ್ತಿಕೊಂಡಿರುತ್ತಿತ್ತು. ಅದಿಲ್ಲದ ಕೋಣೆಯಲ್ಲಿ ಕೂತಿದ್ದಾಗಲೇ ಹೊಳೆನರಸೀಪುರದ ಶೇಷಪ್ಪನವರು ನೆನಪಾದರು. ಅವರು ನೆನಪಾದಾಗಲೆಲ್ಲ ನನಗೆ ಸ್ವಲ್ಪ ನಾಚಿಕೆಯಾಗುತ್ತದೆ. ಈಗಲೂ ಆಯಿತು.

ಅರವತ್ತರ ದಶಕ ಹುಟ್ಟಿದ ಹೊಸತು. ನಾನು ಅರಕಲಗೂಡಿನ ಪುರೋಹಿತರ ಮನೆಯ ಮೂರನೇ ಮಗ. ಮಂತ್ರ ನಾಲಗೆಗೆ ಹತ್ತಲಿಲ್ಲವೆಂದು ಮೈಸೂರಿಗೆ ಕಳಿಸಿ ಎಕ್ಸ್-ರೇ ಕೆಲಸ ಕಲಿಸಿದ್ದರು. ಹಾಸನದಲ್ಲಿ ಕಿವಿ, ಮೂಗು, ಗಂಟಲು ನೋಡುವ ಒಬ್ಬ ಖಾಸಗಿ ಡಾಕ್ಟರರು ಮದ್ರಾಸಿನಿಂದ ಹಳೆಯ ಯಂತ್ರವೊಂದನ್ನು ತರಿಸಿದ್ದರು. ಅದನ್ನು ನಡೆಸಲು ಜನ ಬೇಕಿತ್ತು, ನಾನು ಸಿಕ್ಕಿದೆ. ಡಾಕ್ಟರರು ಒಳ್ಳೆಯವರು, ಆದರೆ ಮಾತು ಕಮ್ಮಿ. ಎದುರಿಗಿರುವವರ ಮೂಗಿನೊಳಗೆ ನೋಡುತ್ತಾರೆಯೇ ಹೊರತು ಮುಖ ನೋಡುವುದಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು.

ನಮ್ಮ ಕ್ಲಿನಿಕ್ಕಿನ ಹಿಂದಿನ ಬೀದಿಯಲ್ಲಿ ಒಂದು ರೈಸ್ ಮಿಲ್ ಇತ್ತು. ಅದು ಶುರುವಾದರೆ ನಮ್ಮ ಕರೆಂಟು ಸೊರಗುತ್ತಿತ್ತು, ಫಿಲ್ಮು ಮಂಕಾಗುತ್ತಿತ್ತು. ಹಾಗಾಗಿ ಮಿಲ್ ಶುರುವಾಗುವ ಮುಂಚೆ, ಇಲ್ಲವೇ ಮಿಲ್ಲಿನವರು ಊಟಕ್ಕೆ ಬಿಟ್ಟಾಗ ನಾವು ಫಿಲ್ಮು ತೆಗೆಯುತ್ತಿದ್ದೆವು. ಮಿಲ್ ನಿಂತ ತಕ್ಷಣ ನಾನು ಬಾಗಿಲಿಗೆ ಬಂದು ಕರೆಯುವುದು, ಜಗಲಿಯಲ್ಲಿ ಕಾದವರು ಊಟಕ್ಕೆ ಎಲೆ ಹಾಕಿತು ಎಂದು ಕೇಳಿದವರ ಹಾಗೆ ದಡಬಡ ಏಳುವುದು ದಿನದ ಪದ್ಧತಿ.

ಸೈನಸ್ ಫಿಲ್ಮಿನ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಎರಡು ಕೆನ್ನೆಗಳ ಮೂಳೆಯೊಳಗೆ ಎರಡು ಟೊಳ್ಳು ಗೂಡುಗಳಿವೆ. ಆರೋಗ್ಯವಾಗಿದ್ದರೆ ಅವುಗಳಲ್ಲಿ ಗಾಳಿ ಬಿಟ್ಟರೆ ಬೇರೇನೂ ಇರುವುದಿಲ್ಲ. ಗಾಳಿ ಫಿಲ್ಮಿನಲ್ಲಿ ಕಪ್ಪಾಗಿ ಬರುತ್ತದೆ, ಮೂಳೆ ಬೆಳ್ಳಗೆ ಬರುತ್ತದೆ. ಗೂಡು ಕಪ್ಪಗಿದ್ದರೆ ಚೆನ್ನಾಗಿದೆ ಎಂದರ್ಥ, ಬೆಳ್ಳಗಾಗಿದ್ದರೆ ಒಳಗೆ ಕೀವೋ ಮತ್ತೇನೋ ತುಂಬಿದೆ. ಇದರಲ್ಲಿ ಒಂದು ತೊಡಕಿದೆ. ಕಿವಿಯ ಒಳಬದಿಗೆ, ತಲೆಬುರುಡೆಯ ತಳದಲ್ಲಿ ಕಲ್ಲಿನಷ್ಟು ಗಟ್ಟಿಯಾದ ಮೂಳೆಯೊಂದಿದೆ. ತಲೆ ಬಾಗಿದ್ದರೆ ಅದರ ನೆರಳು ಬಂದು ಕೆನ್ನೆಯ ಗೂಡುಗಳ ಮೇಲೆ ಕೂರುತ್ತದೆ. ಅದಕ್ಕೇ ರೋಗಿಯನ್ನು ಬೋರಲು ಮಲಗಿಸಿ, ಗದ್ದ ಮಾತ್ರ ಫಿಲ್ಮು ಇಟ್ಟ ಪ್ಲೇಟಿಗೆ ತಾಗಿಸಿ, ಮೂಗನ್ನು ಒಂದು ಬೆರಳು ಮೇಲೆ ಎತ್ತಿಸಿ, ಬಾಯಿ ತೆರೆಸಬೇಕು. ಹಾಗೆ ಮಾಡಿದರೆ ಆ ಮೂಳೆಯ ನೆರಳು ಗೂಡಿನ ಕೆಳಕ್ಕೆ ಇಳಿದುಹೋಗುತ್ತದೆ. ಮೈಸೂರಿನಲ್ಲಿ ನನಗೆ ಇದನ್ನು ಇಂಗ್ಲಿಷಿನಲ್ಲಿ ಕಲಿಸಿದ್ದರು, ನಾನೂ ಇಂಗ್ಲಿಷಿನಲ್ಲಿ ಬರೆದು ಪಾಸಾಗಿದ್ದೆ.

ಹಾಸನಕ್ಕೆ ಬಂದ ಮೇಲೆ ಅದನ್ನು ಕನ್ನಡದಲ್ಲಿ ಹೇಳಬೇಕಾಯಿತು. ಗದ್ದ ಇಡಿ ಅಂದರೆ ಕೆನ್ನೆ ಇಡುತ್ತಿದ್ದರು, ಮೂಗು ಎತ್ತಿ ಅಂದರೆ ಎದೆಯನ್ನೇ ಎತ್ತುತ್ತಿದ್ದರು. ಬಾಯಿ ತೆರೆಯಿರಿ ಅಂದರೆ ಏನೋ ಕೇಳುತ್ತಿದ್ದಾನೆಂದು ತಿಳಿದು ಮಾತಾಡಲು ಶುರುಮಾಡುತ್ತಿದ್ದರು. ಯಂತ್ರ ಗುಂಯ್ ಅನ್ನುವಾಗ ಹೆದರಿ ಅಲುಗಾಡಿ ಫಿಲ್ಮು ಹಾಳು ಮಾಡುವುದಂತೂ ಇದ್ದೇ ಇತ್ತು. ಕೈಯಿಂದ ಗದ್ದ ಹಿಡಿದು ತಿರುಗಿಸೋಣವೆಂದರೆ ಬಂದವರಲ್ಲಿ ಅರ್ಧ ಜನ ಹೆಂಗಸರು, ಮಿಕ್ಕವರಲ್ಲಿ ಮಡಿಯವರು. ಯಾರ ಮುಖವನ್ನೂ ಮುಟ್ಟದಿರುವುದೇ ಮರ್ಯಾದೆ ಎಂದು ನಾನು ತಿಳಿದಿದ್ದೆ.

ಒಂದು ದಿನ ಚನ್ನರಾಯಪಟ್ಟಣದ ಕಡೆಯ ಮುದುಕಿಯೊಬ್ಬಳು ಬಂದಳು. ಏನು ಹೇಳಿದರೂ ಅವಳಿಗೆ ತಿಳಿಯದು. ಬೇಸತ್ತು, ದೇವರಿಗೆ ಅಡ್ಡ ಬಿದ್ದ ಹಾಗೆ ಮಲಗಜ್ಜಿ ಎಂದುಬಿಟ್ಟೆ. ಮುದುಕಿ ಮರುಮಾತಿಲ್ಲದೆ ಮೇಜಿನ ಮೇಲೆ ಉದ್ದಕ್ಕೆ ಮಲಗಿ, ಹಣೆ ಮೂಗು ಎರಡನ್ನೂ ಪ್ಲೇಟಿಗೆ ಒತ್ತಿ, ಉಸಿರು ಸಹ ಬಿಡದೆ ಇದ್ದಳು. ಫಿಲ್ಮು ಒಂದಿಷ್ಟೂ ಅಲುಗಿರಲಿಲ್ಲ. ಅಂದಿನಿಂದ ನನಗೆ ಅದೇ ಮಂತ್ರವಾಯಿತು. ಅಪ್ಪನಿಗೆ ಒಲಿದ ಮಂತ್ರ ನನಗೆ ಒಲಿಯಲಿಲ್ಲ, ನನಗೆ ಇದೊಂದು ಒಲಿಯಿತು ಎಂದು ಒಳಗೊಳಗೇ ಹೆಮ್ಮೆಪಟ್ಟುಕೊಂಡೆ. ಹಣೆ ತಾಗಬಾರದು, ಗದ್ದ ತಾಗಬೇಕು ಎನ್ನುವುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಮೊದಮೊದಲು ಅದನ್ನೂ ಹೇಳುತ್ತಿದ್ದೆ. ಬರಬರುತ್ತಾ ಬಿಟ್ಟೆ. ಡಾಕ್ಟರರೂ ಫಿಲ್ಮುಗಳು ಈಗ ಅಲುಗಿರುವುದಿಲ್ಲವೆಂದು ಮೆಚ್ಚಿದರು.

ಆ ಫಿಲ್ಮುಗಳಲ್ಲಿ ಕೆನ್ನೆಯ ಗೂಡುಗಳ ಕೆಳಭಾಗ ಎರಡೂ ಕಡೆ ಮಸುಕಾಗಿ ಬರುತ್ತಿತ್ತು. ಮೊದಲ ಕೆಲವು ತಿಂಗಳು ಡಾಕ್ಟರರು ಅದನ್ನು ಕೀವು ಎಂದುಕೊಂಡು ಐದಾರು ಜನಕ್ಕೆ ಮೂಗಿನೊಳಗಿಂದ ಸೂಜಿ ಹಾಕಿ ತೊಳೆದರು. ಹೋದ ನೀರು ಹಾಗೇ ತಿಳಿಯಾಗಿ ಹಿಂದೆ ಬಂತು. ಆಮೇಲೆ ಅವರೇ ಒಂದು ತೀರ್ಮಾನಕ್ಕೆ ಬಂದರು. ಈ ಸೀಮೆಯ ಥಂಡಿಗೆ ಎಲ್ಲರಿಗೂ ಅಷ್ಟು ಮಸುಕು ಇದ್ದದ್ದೇ, ಅದನ್ನು ರೋಗವೆಂದು ಎಣಿಸಬಾರದು ಎಂದು ನನಗೂ ವಿವರಿಸಿದರು. ನಾನು ಹೌದು ಸರ್ ಎಂದೆ.

ಶೇಷಪ್ಪನವರು ಬಂದದ್ದು ಶ್ರಾವಣದ ಮೊದಲ ವಾರ. ಜಿಟಿಜಿಟಿ ಮಳೆ ಹಿಡಿದಿತ್ತು. ಐವತ್ತೈದರ ಆಸುಪಾಸಿನ, ತೆಳ್ಳಗೆ ಎತ್ತರದ ಆಳು, ಬಲಗೈ ಮೇಲೆಲ್ಲ ಎಣ್ಣೆ ಸಿಡಿದ ಹಳೆಯ ಕಲೆಗಳು. ಹೊಳೆನರಸೀಪುರದಲ್ಲಿ ಹೊಳೆಯ ಹತ್ತಿರದ ಛತ್ರವೊಂದರಲ್ಲಿ ದೇವರ ಅಡುಗೆ ಅವರದ್ದು. ಮದುವೆ, ಮುಂಜಿ, ಶ್ರಾದ್ಧಗಳಿಗೂ ಸುತ್ತಿನ ಊರುಗಳಿಂದ ಅವರನ್ನೇ ಕರೆಯುತ್ತಿದ್ದರು. ಮಿಲ್ ನಿಲ್ಲುವುದನ್ನು ಕಾಯುತ್ತಾ ಜಗಲಿಯ ಮೇಲೆ ಕೂತು, ತಮ್ಮ ಕಷ್ಟವನ್ನು ಡಾಕ್ಟರಿಗಿಂತ ಮೊದಲು ನನಗೆ ಹೇಳಿದರು. ನಾಲ್ಕು ತಿಂಗಳಿಂದ ಅವರಿಗೆ ವಾಸನೆ ತಿಳಿಯುತ್ತಿರಲಿಲ್ಲ. ತಿಳಿದರೂ ಒಂದೇ ವಾಸನೆ, ಕೊಳೆತದ್ದು. ಹೂವಿಗೂ ಅದೇ, ತುಪ್ಪಕ್ಕೂ ಅದೇ.

ವಾಸನೆ ಹೋದರೆ ಅಡುಗೆ ನಿಲ್ಲುತ್ತದೆಯೇ, ನಾಲಗೆ ಇದೆಯಲ್ಲ ಎಂದು ನಾನು ಕೇಳಿದೆ. ಪುರೋಹಿತರ ಮನೆಯಲ್ಲಿ ಹುಟ್ಟಿ ಹೀಗೆ ಕೇಳುತ್ತೀಯಲ್ಲ ಎನ್ನುವ ಹಾಗೆ ನನ್ನನ್ನು ನೋಡಿದರು.

"ದೇವರಿಗೆ ಮಾಡಿದ್ದನ್ನ ದೇವರಿಗಿಂತ ಮುಂಚೆ ಬಾಯಿಗೆ ಹಾಕೋ ಹಾಗಿಲ್ಲಪ್ಪಾ. ಮತ್ತೆ ಉಪ್ಪು ಬಿದ್ದಿದೆಯೋ ಇಲ್ಲವೋ ಹೇಗೆ ಗೊತ್ತಾಗಬೇಕು? ಆವಿ ಹೇಳುತ್ತೆ. ಉಪ್ಪಿಲ್ಲದ ಸಾರಿನ ಆವಿ ಬೇರೆ, ಉಪ್ಪು ಬಿದ್ದದ್ದರ ಆವಿ ಬೇರೆ. ಮೂಸಿ ನೋಡೋದೂ ಅಲ್ಲ, ಅದು ತಾನಾಗಿ ಬಂದು ಹೇಳೋದು. ಮೂವತ್ತೆಂಟು ವರ್ಷ ಹಾಗೇ ಮಾಡಿದ್ದೀನಿ. ಒಂದು ದಿನ ತುತ್ತು ಬಾಯಿಗಿಟ್ಟವನಲ್ಲ."

ಈಗ ಅಂದಾಜಿನ ಮೇಲೆ ನಡೆಸುತ್ತಿದ್ದೇನೆ, ಎರಡು ಸಲ ಉಪ್ಪು ತಪ್ಪಿ ಛತ್ರದ ಯಜಮಾನರು ಎಲೆಯ ಮುಂದೆ ಮುಖ ಸಿಂಡರಿಸಿದರು ಎಂದರು. ತಾವು ಹೇಳಿಸಿಕೊಂಡದ್ದಕ್ಕಿಂತ, ದೇವರು ಉಪ್ಪಿಲ್ಲದ್ದನ್ನು ಉಂಡನಲ್ಲ ಎನ್ನುವುದೇ ಅವರಿಗೆ ಹೆಚ್ಚಾಗಿತ್ತು. ನಾಲಗೆ ಮುಟ್ಟಿಸದೆ ನಡೆಸಬೇಕು, ಇಲ್ಲವೇ ಸೌಟು ಕೆಳಗಿಡಬೇಕು. ಮೂರನೆಯ ದಾರಿ ಅವರಿಗೆ ಕಾಣುತ್ತಿರಲಿಲ್ಲ.

ಮಿಲ್ ನಿಂತಿತು. ಒಳಗೆ ಕರೆದು, ದೇವರಿಗೆ ಅಡ್ಡ ಬಿದ್ದ ಹಾಗೆ ಮಲಗಿ ಸ್ವಾಮಿ ಎಂದೆ. ಅಷ್ಟು ಅಚ್ಚುಕಟ್ಟಾದ ಸಾಷ್ಟಾಂಗವನ್ನು ನಾನು ನೋಡಿರಲಿಲ್ಲ. ಕೈ ಮುಂದಕ್ಕೆ ಚಾಚಿ ಜೋಡಿಸಿ, ಹಣೆ ಮೂಗು ಪ್ಲೇಟಿಗೆ ಊರಿ, ಒಂದು ಹುಲ್ಲುಕಡ್ಡಿಯಷ್ಟೂ ಮಿಸುಕದೆ ಮಲಗಿದರು. ನಾನು ಗುಂಡಿ ಒತ್ತಿದೆ. ಫಿಲ್ಮು ತೊಳೆದು, ತಂತಿಗೆ ನೇತುಹಾಕಿ ಒಣಗಿಸಿ, ಸಂಜೆಯ ಹೊತ್ತಿಗೆ ಡಾಕ್ಟರರ ಕೈಗೆ ಕೊಟ್ಟೆ.

ಡಾಕ್ಟರರು ಅದನ್ನು ಬೆಳಕಿಗೆ ಹಿಡಿದು, ಎರಡೂ ಕಡೆ ಒಂದೇ ಸಮ ಇದೆ, ಎಲ್ಲರಿಗೂ ಇರುವಷ್ಟೇ ಮಸುಕು ಎಂದರು. ಗೂಡಿನಲ್ಲಿ ದೋಷವಿಲ್ಲದ ಮೇಲೆ ವಾಸನೆಯ ನರವೇ ಸತ್ತಿರಬೇಕು, ಸತ್ತ ನರ ಮತ್ತೆ ಹುಟ್ಟುವುದಿಲ್ಲ, ವಯಸ್ಸಿನಲ್ಲಿ ಕೆಲವರಿಗೆ ಹೀಗಾಗುತ್ತದೆ ಎಂದು ಮೆಲ್ಲಗೆ ತಿಳಿಸಿದರು. ಶೇಷಪ್ಪನವರು ಕೈಮುಗಿದರು. ಮೆಟ್ಟಿಲಿಳಿದು ಕೊಡೆ ಬಿಚ್ಚುವಾಗ ನನ್ನ ಕಡೆ ತಿರುಗಿ, ಸಂಕ್ರಾಂತಿಯವರೆಗೆ ಹೇಗಾದರೂ ತಳ್ಳುತ್ತೇನೆ, ಧನುರ್ಮಾಸದ ಹುಗ್ಗಿ ಒಂದು ಮುಗಿಸಿ ಬಿಟ್ಟುಬಿಡುತ್ತೇನೆ ಎಂದರು. ನನಗೆ ಪಾಪ ಎನಿಸಿತು. ಆಮೇಲೆ ಬೇರೆಯವರು ಬಂದರು, ನಾನು ಅವರನ್ನು ಮರೆತೆ.

ದೀಪಾವಳಿ ಕಳೆದು, ಬೆಳಗಿನ ಹೊತ್ತು ಮಂಜು ಬೀಳುವ ಕಾಲಕ್ಕೆ ಕೊಣನೂರಿನ ಕಡೆಯಿಂದ ಚಿಕ್ಕಯ್ಯ ಬಂದ. ರಸ್ತೆ ರಿಪೇರಿಯ ಗ್ಯಾಂಗಿನಲ್ಲಿ ಕೆಲಸ. ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಜಲ್ಲಿ ಧೂಳು ಕುಡಿದು ಕುಡಿದು ಮೂಗು ಕಟ್ಟಿಕೊಂಡಿದೆ, ಹಣೆ ಸಿಡಿಯುತ್ತದೆ ಎಂದು ಓವರ್‌ಸಿಯರು ಕಳಿಸಿದ್ದರು. ಒಗೆದ ಬಿಳಿ ಅಂಗಿಯ ಮೇಲುಗುಂಡಿಯನ್ನೂ ಬಿಡದೆ ಹಾಕಿಕೊಂಡಿದ್ದ. ಅವನು ಬಂದದ್ದು ಮಿಲ್ ಶುರುವಾಗುವ ಮುಂಚಿನ ಹೊತ್ತು. ನಾನು ಆಕಳಿಸುತ್ತಲೇ, ದೇವರಿಗೆ ಅಡ್ಡ ಬಿದ್ದಂಗೆ ಮಲಕ್ಕೊ ಎಂದೆ.

ಅವನು ಮಲಗಲಿಲ್ಲ. ಮೇಜಿನ ಪಕ್ಕ ನಿಂತೇ ಇದ್ದ.

"ಅಡ್ಡ ಬೀಳೋದ ಬುಟ್ಬುಟ್ಟಿವ್ನಿ ಸಾ. ಓದೊರ್ಸದಿಂದ ನಮ್ ಮನೆಯವ್ರೆಲ್ಲ ಬುದ್ಧನ ಕಡೆ. ನಿಮ್ಗೆ ಬೇಕಾಗಿರೋದು ನನ್ ಮಕ ತಾನೆ? ಎಂಗಿಡ್ಬೇಕು ಅಂತ ಏಳಿ, ಅಂಗೇ ಇಡ್ತೀನಿ."

ಮಾತಿನಲ್ಲಿ ಜಗಳವಿರಲಿಲ್ಲ. ನನಗೆ ಮಾತ್ರ ಕೆಂಡ ಮುಟ್ಟಿದಂತಾಯಿತು. ಇವನಿಗೇಕೆ ಇಷ್ಟು ಎಂದು ಒಂದು ಕ್ಷಣ ಅನ್ನಿಸಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಹೊತ್ತಿರಲಿಲ್ಲ, ಮಿಲ್ ಶುರುವಾಗುವುದರಲ್ಲಿತ್ತು. ಗದ್ದ ಇಲ್ಲಿ ತಾಗಬೇಕು, ಮೂಗು ಒಂದು ಬೆರಳು ಮೇಲಿರಬೇಕು, ಬಾಯಿ ತೆರೆದಿರಬೇಕು ಎಂದು ಒಂದೊಂದಾಗಿ ಹೇಳಿದೆ. ಅವನು ಒಂದೊಂದನ್ನೇ ಮಾಡಿದ. ಸರಿಯಾಯಿತೇ, ಇಲ್ಲದಿದ್ದರೆ ಕೈಯಲ್ಲಿ ಹಿಡಿದು ತೋರಿಸಿ ಎಂದ. ನಾನು ತಡವರಿಸಿದೆ. ಅಷ್ಟು ದಿನದ ಮರ್ಯಾದೆ ಒಂದು ಕಡೆ, ಯಾರನ್ನು ಮುಟ್ಟಬಾರದೆಂದು ನನ್ನ ಮನೆಯಲ್ಲಿ ಹೇಳಿಕೊಟ್ಟಿದ್ದು ಇನ್ನೊಂದು ಕಡೆ. ಕೊನೆಗೆ ಅವನ ಗದ್ದವನ್ನು ಎರಡು ಬೆರಳಿನಲ್ಲಿ ಹಿಡಿದು ಸ್ವಲ್ಪ ಮೇಲೆ ಮಾಡಿದೆ. ಎರಡು ವರ್ಷದ ಕೆಲಸದಲ್ಲಿ ನಾನು ಮುಟ್ಟಿದ ಮೊದಲ ಮುಖ ಅದು.

ಆ ಫಿಲ್ಮು ಹೈಪೋ ನೀರಿನಿಂದ ಎದ್ದು ಬಂದಾಗ ನನಗೆ ಒಂದು ಕ್ಷಣ ಬೇರೆ ಯಾರದೋ ಕೆಲಸವೆನಿಸಿತು. ಕೆನ್ನೆಯ ಗೂಡುಗಳು ಎರಡೂ ಅಚ್ಚ ಕಪ್ಪು, ಅಂಚು ಗೆರೆ ಎಳೆದಂತೆ. ಮಸುಕು ಎಲ್ಲಿಯೂ ಇಲ್ಲ. ಹಣೆಯ ಗೂಡಿನಲ್ಲಿ ಒಂದಿಷ್ಟು ದೋಷವಿತ್ತು, ಅದು ಬೇರೆ. ಡಾಕ್ಟರರು ಮೊದಲ ಸಲ ಫಿಲ್ಮಿನಿಂದ ಕಣ್ಣೆತ್ತಿ ನನ್ನ ಮುಖ ನೋಡಿದರು. ಇದು ಫಿಲ್ಮು ಅಂದರೆ, ಇವತ್ತು ಏನು ಮಾಡಿದೆ ಎಂದು ಕೇಳಿದರು. ಕರೆಂಟು ಚೆನ್ನಾಗಿತ್ತು ಸರ್ ಎಂದೆ.

ಮಧ್ಯಾಹ್ನ ಡಾರ್ಕ್ ರೂಮಿನ ಕಿಟಕಿ ತೆರೆದು, ಹಳೆಯ ಫಿಲ್ಮುಗಳನ್ನು ಕವರಿನಿಂದ ತೆಗೆದು ಒಂದೊಂದನ್ನೇ ಬೆಳಕಿಗೆ ಹಿಡಿದೆ. ಹಾಸನ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲ ಊರಿನವರ ಕೆನ್ನೆಯಲ್ಲೂ ಅದೇ ಮಸುಕು, ಅದೇ ಅಳತೆ, ಅದೇ ಜಾಗ. ಅದು ರೋಗವೂ ಅಲ್ಲ, ಈ ಸೀಮೆಯ ಥಂಡಿಯೂ ಅಲ್ಲ. ತಲೆ ಬಾಗಿಸಿದ್ದರಿಂದ ಬಿದ್ದ ಕಿವಿಯ ಹತ್ತಿರದ ಮೂಳೆಯ ನೆರಳು. ನಾನು ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದ ಪಾಠ. ಶೇಷಪ್ಪನವರ ಫಿಲ್ಮು ಕೊನೆಯಲ್ಲಿ ಸಿಕ್ಕಿತು. ಅವರ ಗೂಡಿನ ತಳದಲ್ಲಿ ಏನಿತ್ತೋ, ಏನೂ ಇರಲಿಲ್ಲವೋ, ಆ ಮಸುಕಿನಲ್ಲಿ ಹೇಳುವುದಕ್ಕೇ ಆಗುತ್ತಿರಲಿಲ್ಲ. ನರ ಸತ್ತಿದೆ ಎನ್ನುವುದಕ್ಕೆ ಆಧಾರವೇ ಇಲ್ಲವೆಂದು ಆಗ ನನಗೆ ತಿಳಿಯಿತು.

ತಿಳಿದ ಕೂಡಲೇ ಓಡಿಹೋಗಿ ಹೇಳಿದೆ ಎಂದು ಬರೆಯಬಹುದಿತ್ತು. ಓಡಲಿಲ್ಲ. ಮೂರು ವಾರ ಸುಮ್ಮನಿದ್ದೆ. ಹೊಸದಾಗಿ ಬಂದವರಿಗೆಲ್ಲ ಗದ್ದ ಹಿಡಿದು ಸರಿಯಾಗಿ ತೆಗೆದೆ, ಅಷ್ಟರಿಂದಲೇ ಎಲ್ಲ ಸರಿಹೋದಂತೆ ನಡೆದುಕೊಂಡೆ. ಫಿಲ್ಮುಗಳು ಚೆನ್ನಾಗಿ ಬರುತ್ತಿರುವುದನ್ನು ಕಂಡ ಡಾಕ್ಟರರು ಮಿಲ್ಲಿನವರು ಹೊಸ ಮೋಟಾರು ಹಾಕಿಸಿರಬೇಕು ಎಂದು ತಾವೇ ಒಂದು ಕಾರಣ ಹುಡುಕಿಕೊಂಡರು. ಧನುರ್ಮಾಸ ಬಂತು. ಬೆಳಗ್ಗೆ ಬಸ್‌ಸ್ಟಾಂಡಿನ ಹತ್ತಿರ ಯಾರೋ ದೊನ್ನೆಯಲ್ಲಿ ಪ್ರಸಾದದ ಹುಗ್ಗಿ ಹಿಡಿದು ಹೋಗುತ್ತಿದ್ದರು. ತುಪ್ಪ, ಮೆಣಸು, ಜೀರಿಗೆಯ ವಾಸನೆ ಮಂಜಿನಲ್ಲಿ ನನ್ನವರೆಗೆ ಬಂತು. ಆ ವಾಸನೆ ತಿಳಿಯದೆ ಒಬ್ಬರು ಅದನ್ನೇ ಬೇಯಿಸುತ್ತಿದ್ದಾರೆ ಎಂದು ನೆನಪಾಗಿ ಮುಂದಕ್ಕೆ ಹೆಜ್ಜೆ ಹೋಗಲಿಲ್ಲ.

ಅಂದೇ ಡಾಕ್ಟರಿಗೆ ಹೇಳಿದೆ, ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಲಿಲ್ಲ. ಹೊಳೆನರಸೀಪುರದ ಅಡುಗೆಯವರ ಫಿಲ್ಮು ತೆಗೆದಾಗ ಮಿಲ್ ನಿಂತಿರಲಿಲ್ಲ, ಅದಕ್ಕೇ ಮಂಕಾಗಿದೆ, ಇನ್ನೊಂದು ತೆಗೆದರೆ ಒಳ್ಳೆಯದು ಎಂದೆ. ಅವರು ಹೂಂ, ಕರೆಸು ಎಂದರು. ಮಿಲ್ಲಿನ ಮಾಲೀಕರಿಗೆ ತಮ್ಮ ಮೇಲೆ ಬಂದ ಈ ಆಪಾದನೆ ಕೊನೆಗೂ ತಿಳಿಯಲಿಲ್ಲ.

ಮಾರನೆಯ ದಿನ ಮೊದಲ ಬಸ್ಸಿಗೆ ಹೊಳೆನರಸೀಪುರಕ್ಕೆ ಹೋದೆ. ಇಳಿದಾಗ ಹೊಳೆಯ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಛತ್ರದ ಹಿಂಬಾಗಿಲು ತೆರೆದಿತ್ತು. ಒಲೆಯ ಬೆಳಕಿನಲ್ಲಿ ಶೇಷಪ್ಪನವರು ನನಗೆ ಬೆನ್ನು ಮಾಡಿ ನಿಂತಿದ್ದರು. ಕೊಪ್ಪರಿಗೆಯಲ್ಲಿ ಹುಗ್ಗಿ ಕುದಿಯುತ್ತಿತ್ತು. ಕರೆಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಸೌಟಿನ ತುದಿಯಿಂದ ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು, ಅತ್ತಿತ್ತ ನೋಡಿ, ನೆಕ್ಕಿದರು. ನೆಕ್ಕಿ ತಿರುಗಿದಾಗ ಬಾಗಿಲಲ್ಲಿದ್ದ ನಾನು ಅವರ ಕಣ್ಣಿಗೆ ಬಿದ್ದೆ.

ಅವರು ಕೈಯನ್ನು ಪಂಚೆಗೆ ಒರೆಸಿಕೊಂಡರು, ಮಡಿಪಂಚೆ ಎನ್ನುವುದನ್ನೂ ಮರೆತು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಹೇಳಿದರು.

"ನರ ಸತ್ತುಹೋಯ್ತು ಅಂದರಲ್ಲಪ್ಪಾ. ಬರುತ್ತೆ ಅಂತ ಇದ್ದಿದ್ದರೆ ಕಾಯ್ತಿದ್ದೆ. ಇನ್ನು ಬರೋಲ್ಲ ಅಂದಮೇಲೆ, ಅವನಿಗೆ ಉಪ್ಪಿಲ್ಲದ್ದು ಇಡೋದಕ್ಕಿಂತ ಇದೇ ಮೇಲು ಅನ್ನಿಸಿಬಿಡ್ತು. ಶ್ರಾವಣದಿಂದ ಹೀಗೇ ನಡೀತಿದೆ."

ನಾನು ಆಗಲಾದರೂ ಹೇಳಬೇಕಿತ್ತು. ಹೇಳಿದ್ದು, ಫಿಲ್ಮು ಸರಿ ಬಂದಿರಲಿಲ್ಲ, ಮಿಲ್ಲಿನಿಂದ ಕರೆಂಟು ಕಮ್ಮಿಯಾಗಿತ್ತು, ಇನ್ನೊಂದು ಸಲ ಬರಬೇಕಂತೆ ಎಂದು. ಅವರು ಮಿಲ್ಲನ್ನೂ ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. ಸೌಟನ್ನು ತೊಳೆದು ಗೋಡೆಗೆ ಒರಗಿಸಿಟ್ಟು, ಮಂಗಳಾರತಿ ಆಗಲಿ ಬರುತ್ತೇನೆ ಎಂದರು.

ಎರಡನೆಯ ಫಿಲ್ಮು ತೆಗೆಯುವುದು ಸುಲಭವಾಗಲಿಲ್ಲ. ಮೇಜಿನ ಮೇಲೆ ಮಲಗಿಸಿದರೆ ಅವರ ಹಣೆ ತಾನಾಗಿ ಪ್ಲೇಟಿಗೆ ಹೋಗುತ್ತಿತ್ತು. ಗದ್ದ ತಾಗಿಸಿ ಎಂದರೆ ತಾಗಿಸುವರು, ಬಾಯಿ ತೆರೆಯುವಷ್ಟರಲ್ಲಿ ಹಣೆ ಮತ್ತೆ ಇಳಿದಿರುತ್ತಿತ್ತು. ಹೀಗೆ ಮೂಗೆತ್ತಿ ಬಾಯಿ ಕಳೆದುಕೊಂಡು ಯಾರಾದರೂ ನಮಸ್ಕಾರ ಮಾಡುತ್ತಾರೆಯೇ ಎಂದು ನಕ್ಕರು. ಇದು ನಮಸ್ಕಾರವಲ್ಲ ಎಂದು ಹೇಳಿ, ಅವರ ಗದ್ದವನ್ನು ಕೈಯಲ್ಲಿ ಹಿಡಿದು ಎತ್ತಿ ನಿಲ್ಲಿಸಿದೆ. ಮಡಿಯ ಮಾತನ್ನು ಅವರೂ ಎತ್ತಲಿಲ್ಲ. ಉಸಿರು ಹಿಡಿಯಿರಿ ಎಂದು ಆಚೆ ಹೋಗಿ ಗುಂಡಿ ಒತ್ತಿದೆ.

ಎಡಗಡೆಯ ಗೂಡು ಅಚ್ಚ ಕಪ್ಪಾಗಿ ಬಂತು. ಬಲಗಡೆಯದು, ಶ್ರಾವಣದಿಂದೀಚೆಗೆ ಕೀವು ಮೇಲಕ್ಕೂ ಏರಿರಬೇಕು, ಪೂರಾ ಬೆಳ್ಳಗಿತ್ತು. ಅದರ ತಳದಲ್ಲಿ, ಇನ್ನೂ ಬೆಳ್ಳಗೆ, ಭತ್ತದ ಕಾಳಿನಷ್ಟು ಚೂರೊಂದು. ಡಾಕ್ಟರರು ಶೇಷಪ್ಪನವರ ಬಾಯಿ ತೆರೆಸಿ ಮೇಲಿನ ಒಸಡನ್ನು ನೋಡಿ, ಇಲ್ಲಿ ಹಲ್ಲು ಯಾವಾಗ ಕೀಳಿಸಿದಿರಿ ಎಂದು ಕೇಳಿದರು. ವಾಸನೆ ಹೋಗುವುದಕ್ಕೆ ಸ್ವಲ್ಪ ಮುಂಚೆ, ಚನ್ನರಾಯಪಟ್ಟಣಕ್ಕೆ ಮದುವೆ ಅಡುಗೆಗೆ ಹೋಗಿದ್ದಾಗ ದವಡೆ ಊದಿಕೊಂಡಿತ್ತಂತೆ. ಮಾರನೆಯ ದಿನ ನಾನೂರು ಎಲೆಯ ಊಟ, ನೋವಿಟ್ಟುಕೊಂಡು ನಿಲ್ಲಲಾಗದೆ ಸಂತೆಯಲ್ಲಿ ಹಲ್ಲು ಕೀಳುವವನ ಮುಂದೆ ಕೂತರಂತೆ. ಬೇರಿನ ತುದಿ ಮುರಿದು ಒಳಗೇ ಉಳಿದು, ಮೇಲಕ್ಕೆ ಗೂಡಿನೊಳಗೆ ಜಾರಿತ್ತು. ಅದು ಕೊಳೆಯುತ್ತಿದ್ದ ವಾಸನೆಯನ್ನೇ ಅವರು ತುಪ್ಪದಲ್ಲಿ, ಹೂವಿನಲ್ಲಿ ಕಂಡಿದ್ದರು. ಹಲ್ಲಿಗೂ ಮೂಗಿಗೂ ಸಂಬಂಧವಿರಬಹುದೆಂದು ಅವರಿಗೆ ಹೊಳೆದಿರಲಿಲ್ಲ, ನಾವು ಕೇಳಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಡಾಕ್ಟರರು ಒಸಡಿನ ಮೇಲಿನಿಂದ ಗೂಡನ್ನು ತೆರೆದು ಚೂರನ್ನು ತೆಗೆದು, ಶುದ್ಧಮಾಡಿದರು. ಶಿವರಾತ್ರಿಯ ಹಿಂದುಮುಂದಿನ ಒಂದು ದಿನ ಶೇಷಪ್ಪನವರು ತಾವಾಗಿಯೇ ಬಂದರು. ಡಾರ್ಕ್ ರೂಮಿನ ಬಾಗಿಲಲ್ಲಿ ನಿಂತು ಮುಖ ಕಿವಿಚಿ, ಇದೇನಪ್ಪಾ ಈ ಗಬ್ಬು, ದಿನಾ ಇದರಲ್ಲೇ ಇರ್ತೀಯಾ ಎಂದು ಕೇಳಿದರು. ಹೈಪೋ ವಾಸನೆಯನ್ನು ಯಾರಾದರೂ ಬೈದದ್ದಕ್ಕೆ ನಾನು ಸಂತೋಷಪಟ್ಟದ್ದು ಅದೊಂದೇ ಸಲ. ಹಾಗಾದರೆ ಇನ್ನು ಛತ್ರಕ್ಕೆ ಹೋಗಬಹುದಲ್ಲ ಎಂದೆ. ಅವರು ಬಿಟ್ಟಾಯಿತು ಎಂದರು. ಮೂಗು ಬಂದದ್ದು ನಿಜ, ಆದರೆ ನಾಲ್ಕು ತಿಂಗಳು ದೇವರಿಗಿಂತ ಮುಂಚೆ ತಾವು ಉಂಡದ್ದೂ ನಿಜ, ಆ ಕೈಯನ್ನು ಮತ್ತೆ ಆ ಒಲೆಯ ಮುಂದೆ ಚಾಚುವುದಿಲ್ಲ, ಮದುವೆ ಮುಂಜಿಯ ಅಡುಗೆ ಮಾತ್ರ ಇಟ್ಟುಕೊಳ್ಳುತ್ತೇನೆ ಎಂದರು. ಆಗಲೂ ಬಾಯಿ ಬಿಡಲಿಲ್ಲ.

ಅದೇ ವಾರ ಚಿಕ್ಕಯ್ಯ ಹಣೆಯ ನೋವು ಹೋಯಿತೆಂದು ತೋರಿಸಲು ಬಂದ. ಯಾಕೋ ಅವನಿಗೆ ಎಲ್ಲವನ್ನೂ ಹೇಳಿದೆ. ಅಡ್ಡ ಬೀಳಿ ಎನ್ನುತ್ತಿದ್ದದ್ದು, ಅವನ ಫಿಲ್ಮಿನಿಂದ ತಿಳಿದದ್ದು, ಮಿಲ್ಲಿನ ಮೇಲೆ ಹಾಕಿದ್ದು, ಶೇಷಪ್ಪನವರು ಸೌಟು ಕೆಳಗಿಟ್ಟದ್ದು. ಅವನು ಬೀಡಿಯನ್ನು ಕಿವಿಯಿಂದ ತೆಗೆದವನು ಹಚ್ಚದೆ ಕೇಳಿದ.

"ಅವ್ರಿಗೆ ಏಳುದ್ರಾ ಸಾ?"

ಇಲ್ಲ ಎಂದೆ.

"ನಂತಾವ ಏಳುದ್ರೆ ಏನ್ ಬಂತು?" ಎಂದು ಬೀಡಿಯನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡು ಬಸ್ಸಿಗೆ ಹೋದ.

ಯುಗಾದಿಯ ಹಿಂದಿನ ವಾರ ಹೊಳೆನರಸೀಪುರದಲ್ಲಿ ಯಾರದೋ ಮನೆಯ ಮದುವೆ, ಅಲ್ಲಿಗೆ ಅವರನ್ನು ಹುಡುಕಿಕೊಂಡು ಹೋದೆ. ಹಿತ್ತಿಲ ಚಪ್ಪರದ ಕೆಳಗೆ ಶೇಷಪ್ಪನವರು ಹಂಡೆಗಟ್ಟಲೆ ಸಾರು ಇಳಿಸುತ್ತಿದ್ದರು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಪಕ್ಕದಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಹೇಳಿದೆ. ತಪ್ಪು ಮಿಲ್ಲಿನದಲ್ಲ, ನನ್ನದು, ನಾನು ಮಲಗಿಸಿದ ರೀತಿಯೇ ತಪ್ಪು, ಸರಿಯಾಗಿ ತೆಗೆದಿದ್ದರೆ ಶ್ರಾವಣದಲ್ಲೇ ಗೊತ್ತಾಗುತ್ತಿತ್ತು, ನೀವು ರುಚಿ ನೋಡುವ ಪ್ರಮೇಯವೇ ಬರುತ್ತಿರಲಿಲ್ಲ ಎಂದೆ. ಹೇಳುವಾಗ ನೆಲ ನೋಡುತ್ತಿದ್ದೆ.

ಅವರು ಒಲೆಯಿಂದ ಒಂದು ಸೌದೆಯನ್ನು ಹಿಂದಕ್ಕೆಳೆದರು.

"ಮೊದಲನೇ ಸಲ ಅಡ್ಡ ಬೀಳಿ ಅಂದೆ. ಎರಡನೇ ಸಲ ಗದ್ದ ಹಿಡಿದು ಎತ್ತಿದೆ. ಅಷ್ಟೂ ತಿಳಿಯದವನೇನಪ್ಪಾ ನಾನು? ಅವತ್ತೇ ಗೊತ್ತಾಯ್ತು. ನೀನೇ ಬಂದು ಹೇಳಲಿ ಅಂತ ಇದ್ದೆ."

ಎಳೆದ ಸೌದೆಯ ಕೆಂಡವನ್ನು ನೆಲಕ್ಕೆ ತಟ್ಟಿ ಆರಿಸಿದರು.

"ಫಿಲ್ಮು ನಿಂದು, ಒಪ್ಪಿದೆ. ನೆಕ್ಕಿದ ನಾಲಗೆ ನಂದು. ಅದನ್ನ ನಿನ್ನ ಮೇಲೆ ಹಾಕೋಲ್ಲ."

ಹಾಗೆಂದು, ಸೌಟಿನಿಂದ ಒಂದಿಷ್ಟು ಸಾರು ತೆಗೆದು ನನ್ನ ಕಡೆ ಚಾಚಿದರು. ಇದು ನೆಂಟರ ಊಟಕ್ಕೆ, ದೇವರಿಗೆ ಬೇರೆಯವರು ಮಡಿಯಲ್ಲಿ ಮಾಡಿದ್ದಾರೆ, ಹಿಡಿ ಎಂದರು. ಅಂಗೈ ಒಡ್ಡಿದೆ. ಸುಡುತ್ತಿತ್ತು. ಉಪ್ಪು ಹೇಗಿದೆ ಎಂದು ಕೇಳಿದರು. ದೊಡ್ಡ ಅಡುಗೆಯವರಿಗೆ ನಾನೇನು ಹೇಳುವುದು, ಚೆನ್ನಾಗಿದೆ ಎನ್ನುವ ಮಾತು ನಾಲಗೆಯ ತುದಿಯವರೆಗೆ ಬಂದಿತ್ತು.

ಸ್ವಲ್ಪ ಮುಂದಾಗಿದೆ ಎಂದೆ.

ಶೇಷಪ್ಪನವರು ಬಗ್ಗದೆ, ನಿಂತಲ್ಲೇ ಮೂಗನ್ನು ಒಂದಿಷ್ಟು ಮೇಲೆತ್ತಿ, ಏಳುತ್ತಿದ್ದ ಆವಿಯನ್ನು ಬರಮಾಡಿಕೊಂಡರು. ಹೌದು ಎಂದರು. ಪಕ್ಕದ ಹಂಡೆಯಿಂದ ಒಂದು ಚೊಂಬು ಬಿಸಿನೀರು ತೆಗೆದು ಸಾರಿಗೆ ಸುರಿದರು.